ಗಾಜಿನ ಮೇಲಿನ ಮಬ್ಬು

"ಬಾಗಿಲು ಮುಟ್ಟಬೇಡಿ. ನಾನು ಯಾರಿಗೂ ಹೇಳಿ ಕಳಿಸಿಲ್ಲ."

ಮೇಸ್ತ್ರಿ ಕೈ ತಡೆದು ಭಾಮೈದನ ಮುಖ ನೋಡಿದ. ಮುದುಕಿ ಹೀಗೇ ಅನ್ನುತ್ತಾಳೆಂದು ಇಬ್ಬರಿಗೂ ಮೊದಲೇ ಗೊತ್ತಿತ್ತು.

ನಿನ್ನೆ ಅಂಗಡಿಯಲ್ಲಿ ಆಕೆಯ ತಮ್ಮ ಒಂದೊಂದೇ ಗಾಜಿನ ಬಾಗಿಲು ಪಕ್ಕಕ್ಕೆ ಸರಿಸಿ ನೋಡಿದ್ದ. ಹಳಿ ನೆಲಕ್ಕೆ ಸಮನಾಗಿರಬೇಕು, ಅಕ್ಕ ಎಡವಬಾರದು. ಹಿಡಿ ದೊಡ್ಡದಿರಬೇಕು, ಅಕ್ಕನ ಕೈ ನಡುಗುತ್ತದೆ. ಅಳತೆಯ ಚಿಂತೆ ಇರಲಿಲ್ಲ. ಆ ಸಾಲಿನ ಮನೆಗಳೆಲ್ಲ ಒಂದೇ ಅಚ್ಚು. ಹೊರಡುವಾಗ ದನಿ ತಗ್ಗಿಸಿದ್ದ.

"ಅಕ್ಕನಿಗೆ ಮರೆವು ಮೇಸ್ತ್ರಿ. ಬಾಗಿಲು ಬೇಡ ಅಂತಾಳೆ, ತಮ್ಮನೇ ಇಲ್ಲ ಅಂತಾಳೆ. ಬೇಜಾರು ಮಾಡ್ಕೋಬೇಡಿ, ಕೆಲಸ ಮುಗಿಸಿಬಿಡಿ. ಹಿಂದಿನ ಗಲ್ಲೀಲಿ ಮೂರನೇ ಗೇಟು. ಮಧ್ಯಾಹ್ನ ನಾನೂ ಬರ್ತೀನಿ."

ಗಲ್ಲಿಯ ಬಾಯಿಗೆ ಕಸದ ಲಾರಿ ಅಡ್ಡ ನಿಂತು, ಬಳಸಿಕೊಂಡು ಆಚೆ ತುದಿಯಿಂದ ಬಂದು ಮೂರನೇ ಗೇಟು ಎಣಿಸುವಷ್ಟರಲ್ಲಿ ಹೊತ್ತಾಗಿತ್ತು. ಇನ್ನು ತಡ ಮಾಡುವಂತಿರಲಿಲ್ಲ.

"ನಿಮ್ಮ ತಮ್ಮನೇ ಕಳಿಸಿದ್ದು, ಅಮ್ಮಾ."

"ನನಗೆ ತಮ್ಮ ಇಲ್ಲಪ್ಪ."

"ಶುರುವಾಯ್ತು" ಎಂದು ಭಾಮೈದ ಗೊಣಗಿದ.

ಮೇಸ್ತ್ರಿ ಹಳೆಯ ಬಾಗಿಲನ್ನು ಸರಿಸಿದ. ಒಂದೇ ಬೆರಳಿಗೆ ಸರಿಯಿತು. ಭುಜ ಕೊಟ್ಟು ತಳ್ಳಬೇಕು ಎಂದಿದ್ದನಲ್ಲ ಆ ತಮ್ಮ?

"ಎಣ್ಣೆ ಬಿಟ್ಟಿರ್ತಾರೆ ಭಾವ. ನಾಳೆ ಮತ್ತೆ ಮೊಂಡು ಹಿಡಿಯುತ್ತೆ, ನಮ್ಮಕ್ಕನ ಹಾಗೆ."

"ಮನೆಗೆ ಹೋಗಿ ಅವಳ ಮುಂದೆ ಹೇಳು ಈ ಮಾತ್ನ."

ಗಾಜು ತಿಳಿನೀರಿನಂತಿತ್ತು. ಒಂದು ಕಡೆ ಮಾತ್ರ, ಕುರ್ಚಿಯಲ್ಲಿ ಕೂತವರ ತಲೆಯ ಎತ್ತರದಲ್ಲಿ, ಅಂಗೈಯಗಲ ಜಿಡ್ಡಿನ ಮಬ್ಬು. ಸುತ್ತ ಒರೆಸಿ ಅದೊಂದನ್ನು ಬಿಟ್ಟ ಹಾಗಿತ್ತು. ಗಾಜು ಎತ್ತುವ ರಬ್ಬರ್ ಬಟ್ಟಲು ಜಿಡ್ಡಿನ ಮೇಲೆ ಕಚ್ಚುವುದಿಲ್ಲ. ಭಾಮೈದ ಒದ್ದೆ ಬಟ್ಟೆ ಎತ್ತಿಕೊಂಡ.

ಆಕೆ ಅವನ ಮಣಿಕಟ್ಟು ಹಿಡಿದಳು.

"ಅದನ್ನ ಒರೆಸಬೇಡಪ್ಪ. ನಮ್ಮನೆಯವರು ಹಣೆ ಆನಿಸಿ ಕೂರ್ತಿದ್ದ ಜಾಗ ಅದು. ಕೊನೆಕೊನೆಗೆ ಏಳೋಕಾಗ್ದೆ ಇಲ್ಲೇ ಕೂತು ಅಂಗಳ ನೋಡ್ತಿದ್ರು. ಅವರದು ಅಂತ ಉಳಿದಿರೋದು ಇಷ್ಟೇ."

ಮೇಸ್ತ್ರಿ ಭಾಮೈದನಿಗೆ ತಡೆ ಎಂದ. ಅಂಗಳಕ್ಕಿಳಿದು ತಮ್ಮನಿಗೆ ಫೋನ್ ಮಾಡಿದ.

"ಗಾಜಿನ ಮೇಲೆ ಯಜಮಾನರ ಗುರುತಿದೆ, ತೆಗೀಬೇಡಿ ಅಂತಿದಾರೆ."

"ಯಾವ ಯಜಮಾನರು? ಅವಳಿಗೆ ಮದುವೇನೇ ಆಗಿಲ್ಲ ಮೇಸ್ತ್ರಿ. ಈಚೆಗೆ ಇಲ್ಲದವರನ್ನೆಲ್ಲ ಕಟ್ಟಿಕೊಂಡು ಅಳ್ತಾಳೆ. ಫೋನ್ ಕೊಡಬೇಡಿ, ನನ್ನ ದನಿ ಕೇಳಿದ್ರೆ ಇನ್ನೂ ಜಾಸ್ತಿಯಾಗುತ್ತೆ. ಮುಗಿಸಿ, ನಾನು ಹೊರಟೆ."

ಮೇಸ್ತ್ರಿ ಒಳಗೆ ಬಂದು ಆಕೆಯ ಬೆರಳುಗಳನ್ನು ಮೆಲ್ಲಗೆ, ಒಂದೊಂದಾಗಿ ಬಿಡಿಸಿದ. ಭಾಮೈದ ಒರೆಸಿದ. ಎರಡೇ ಸಲ. ಗಾಜು ಪೂರ್ತಿ ತಿಳಿಯಾಯಿತು.

ಆಕೆ ಬೇಲಿಯ ಹತ್ತಿರ ಹೋಗಿ ಕೂಗಿದಳು. ಅಕ್ಕಪಕ್ಕದವರೆಲ್ಲ ಕೆಲಸಕ್ಕೆ ಹೋಗಿದ್ದರು. ಎಲ್ಲೋ ಒಂದು ನಾಯಿ ಓಗೊಟ್ಟಿತು. ತಿರುಗಿ ಬಂದು ಕುರ್ಚಿಯಲ್ಲಿ ಕುಸಿದಳು.

"ದೇವರಾಣೆ ಹೇಳಿದೆ, ನೀವು ಕೇಳಲಿಲ್ಲ. ಇನ್ನೇನು ಹೇಳಿದ್ರೆ ನಂಬ್ತೀರಪ್ಪ?"

ಹಳೆಯ ಬಾಗಿಲು ವ್ಯಾನಿಗೆ ಹೋಯಿತು. ಹೊಸದು ಹಳಿಯ ಮೇಲೆ ಕೂತಿತು. ಸಂದಿಗೆ ಅಂಟು ತುಂಬಿದರು, ನೆಲ ಗುಡಿಸಿದರು. ಇಷ್ಟು ಜೋಪಾನವಾಗಿ ಅವರು ಯಾವ ಮನೆಯಲ್ಲೂ ಕೆಲಸ ಮಾಡಿದವರಲ್ಲ. ಪಾಪ, ಮರೆವಿನ ಜೀವ.

ಮೇಸ್ತ್ರಿ ಆಕೆಯ ಕೈಯನ್ನು ದೊಡ್ಡ ಹಿಡಿಯ ಮೇಲಿಟ್ಟ. "ನೋಡಿ ಅಮ್ಮಾ, ಬೆಣ್ಣೆ ಹಾಗೆ ಸರಿಯುತ್ತೆ. ನಿಮ್ಮ ತಮ್ಮ ಎಷ್ಟು ಆಸೆಪಟ್ಟು ಆರಿಸಿದ್ರು ಗೊತ್ತಾ?"

ಆಕೆ ಹಿಡಿಯಿಂದ ಕೈ ಸರಿಸಿದಳು. ಹೊಸ ಗಾಜಿನ ಮೇಲೆ, ಕೂತವರ ತಲೆಯ ಎತ್ತರದಲ್ಲಿ, ಬೆರಳಿನಿಂದ ಏನನ್ನೋ ಹುಡುಕತೊಡಗಿದಳು.

ಮೇಸ್ತ್ರಿಯ ಫೋನ್ ಬಡಿದುಕೊಂಡಿತು. ತಮ್ಮನೇ.

"ಎಲ್ಲಿದೀರಿ ಮೇಸ್ತ್ರಿ? ನಾನು ಅಕ್ಕನ ಪಕ್ಕದಲ್ಲೇ ನಿಂತಿದೀನಿ, ಇಲ್ಲಿ ಹಳೇ ಬಾಗಿಲು ಹಾಗೇ ಇದೆಯಲ್ಲ!"