ಏಡಿಯ ಊಟ

ಒಣ ಸೀಗಡಿಯ ಪೊಟ್ಟಣವನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ದಾಕ್ಷಾಯಿಣಿ ಗಾಜಿನ ತೊಟ್ಟಿಯ ಮುಂದೆ ನಿಂತಿದ್ದಳು. ಉಪ್ಪುನೀರಿನೊಳಗೆ, ಹವಳದ ಸಂದಿಯಿಂದ ಏಡಿ ಹೊರಬಂದು ಕೊನೆಗುಳಿದ ಕಿತ್ತಳೆ ಮೀನಿನತ್ತ ಕೊಂಡಿ ಚಾಚಿತ್ತು. ಆ ಮೀನಿನ ಜೊತೆಯದನ್ನು ಏಡಿ ನಿನ್ನೆಯೇ ತಿಂದಿತ್ತು. ಲಿಂಗಪೂಜೆಯ ಆ ಮನೆಯಲ್ಲಿ ಏಡಿಗೆ ಇದುವರೆಗೆ ಸಿಕ್ಕಿದ್ದು ಅತ್ತೆ ಕೈಯಾರೆ ಹಾಕುತ್ತಿದ್ದ ಪ್ರಸಾದದ ಅನ್ನವೊಂದೇ.

ಪೊಟ್ಟಣ ಬಿಚ್ಚಿದೊಡನೆ ವಾಸನೆ ಪಡಸಾಲೆಗೆಲ್ಲ ಹರಡಿತು. ದೇವರ ಕೋಣೆಯಲ್ಲಿ ಅತ್ತೆ ಮರುಳಸಿದ್ದಮ್ಮ ಹೇಳುತ್ತಿದ್ದ ವಚನ ನಡುವೆಯೇ ನಿಂತುಹೋಯಿತು. "ಏನವ್ವ ಅದು ನಾತ?"

ದಾಕ್ಷಾಯಿಣಿ ಪೊಟ್ಟಣದ ಬಾಯಿ ಮುಚ್ಚಿ ಹಿಡಿದಳು. "ಅನ್ನ ಇದ್ರ ಹೊಟ್ಟೆಗೆ ಆಗಲ್ವಂತೆ, ಅತ್ತೆ. ದುರ್ಗದ ಅಂಗಡಿಯವ್ನು ಹೇಳ್ದ. ಹಸಿದ್ರೆ ಮೀನನ್ನೇ ಹಿಡೀತೈತಂತೆ."

ಮರುಳಸಿದ್ದಮ್ಮ ಹೊರಬಂದು ತೊಟ್ಟಿಯನ್ನೇ ನೋಡಿದರು. ದೇವರ ಕೋಣೆಯ ಬಾಗಿಲು ಮುಂದೆ ಮಾಡಿದರು. ಅಡುಗೆಮನೆಯಿಂದ ರೊಟ್ಟಿ ಸುಡುವ ಚಿಮಟ ತಂದು, ಮುಖ ಆಚೆ ತಿರುಗಿಸಿಕೊಂಡೇ ಸೊಸೆಗೆ ಚಾಚಿದರು.

"ಬರೀ ಕೈ ಹಾಕ್ಬ್ಯಾಡ, ಕಚ್ಚೀತು."