ಮ್ಯಾಕ್‌ನೊಳಗಿನ ಗುರುಬಲ

"ಗುರುಬಲ ಇಲ್ಲ," ಎಂದು ಓಂಕಾರಪ್ಪ ತೀರ್ಪು ಕೊಟ್ಟರು.

ಭದ್ರಾವತಿಯಿಂದ ಹೆಣ್ಣು ನೋಡಲು ಬಂದಿದ್ದ ರುದ್ರೇಶ್ ಅವರ ಕೇಸರಿಬಾತಿನ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಪಕ್ಕದಲ್ಲಿದ್ದ ಮಗ ಜ್ಞಾನೇಶ್ ಫೋನಿನಿಂದ ತಲೆಯೆತ್ತಿದ. ಎದುರಿಗೆ ಸೀರೆಯುಟ್ಟು ಕೂತಿದ್ದ ಅಕ್ಷರಾ ಯಾರಿಗೂ ಕಾಣದಂತೆ ಉಸಿರುಬಿಟ್ಟಳು. ಇದು ಒಂಬತ್ತನೆಯ ಗಂಡು.

ಅವಳ ಪಿಎಚ್.ಡಿ. ಪ್ರಬಂಧ ಮುಗಿಯಲು ಇನ್ನು ಮೂರೇ ತಿಂಗಳು. ಗೋಪಾಳದ ಈ ಮನೆಯಿಂದ ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ನಾಲ್ಕು ವರ್ಷ ಬಸ್ಸಿನಲ್ಲಿ ನಿಂತೇ ಓಡಾಡಿದ್ದಳು. ಅಪ್ಪ ಓಂಕಾರಪ್ಪನವರದು ಒಂದೇ ಕರಾರು: ಗುರುಬಲ ಬರುವವರೆಗೆ ಓದು, ಬಂದ ಕೂಡಲೇ ಮದುವೆ. ಗುರುಗ್ರಹ ಒಳ್ಳೆಯ ಮನೆಗೆ ಬಂದ ಮೇಲೆ ಹೆಣ್ಣನ್ನು ಒಂದು ದಿನವೂ ಇಟ್ಟುಕೊಳ್ಳಬಾರದಂತೆ. ಕಾಯಿಸದೆ ಬಿಟ್ಟ ಹಾಲಿನ ಹಾಗೆ ಒಡೆದುಹೋಗುತ್ತಾಳೆ ಎಂಬಂತೆ.

"ನಮ್ಮ ಜೋಯಿಸರು ಚೌಡಯ್ಯನೋರು ಹೋದ ಬೇಸಿಗೇಲೇ ಗುರುಬಲ ಬಂದಿದೆ ಅಂದ್ರಲ್ಲ," ಎಂದರು ರುದ್ರೇಶ್.

"ಅವರು ಬೆರಳು ಮಡಚಿ ಎಣಿಸೋರು. ಇರೋದು ಹತ್ತೇ ಬೆರಳು ಮಾರಾಯ್ರೆ. ನಂದು ಕಂಪ್ಯೂಟರ್."

"ಅಲ್ಲ ಸ್ವಾಮಿ, ಗುರು ಒಂದು ಮನೇಲಿ ಕೂರೋದು ಒಂದು ವರ್ಷ. ನೀವು ಒಂದೂವರೆ ವರ್ಷದಿಂದ ಬಂದೋರಿಗೆಲ್ಲ ಇದನ್ನೇ ಹೇಳ್ತಿದೀರಂತೆ?"

"ವಕ್ರಿಯಾಗಿದ್ದಾನೆ. ಹಿಂದೆ ಮುಂದೆ ಓಡಾಡ್ತಾನೆ. ಅದೆಲ್ಲ ಬೆರಳಿಗೆ ಸಿಗಲ್ಲ."

ಓಂಕಾರಪ್ಪ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಜಾತಕ ನೋಡುವುದು ಅವರ ಹವ್ಯಾಸ. ಮನೆಯವರ ಪಾಲಿಗೆ ಹಾವಳಿ. ಸಾಫ್ಟ್‌ವೇರ್ ಬಂದ ದಿನವೇ ಪಂಚಾಂಗದ ಪುಸ್ತಕ ರದ್ದಿಗೆ ಹೋಗಿತ್ತು. ಹಾಗೆಂದು ಕಂಪ್ಯೂಟರನ್ನು ಅವರು ತಾವಾಗಿ ಚಾಲೂ ಮಾಡಿದವರಲ್ಲ. ಮೂವತ್ತು ವರ್ಷ ಅದು ಕೈಕೆಳಗಿನವರ ಕೆಲಸವಾಗಿತ್ತು. ಈಗ ಕೈಕೆಳಗೆ ಉಳಿದವಳು ಹೆಂಡತಿ ಜಗದಾಂಬಾ ಒಬ್ಬಳೇ. ಕಾಫಿ, ಕನ್ನಡಕ, ಕಂಪ್ಯೂಟರ್ ಮೂರನ್ನೂ ಸಿದ್ಧಮಾಡಿ ಗಂಡನ ಮುಂದಿಟ್ಟು ಅವಳು ಒಲೆಯ ಕಡೆ ಹೋಗುವಳು. ಅವರು ಕುಂಡಲಿಗಳನ್ನು, ಮ್ಯಾನೇಜರನ ಗತ್ತಿನಲ್ಲಿ, ನೋಟ್‌ಬುಕ್ಕಿಗೆ ಬರೆದುಕೊಳ್ಳುವರು.

"ಅಂಕಲ್, ಅದು ಮ್ಯಾಕ್ ಅಲ್ವಾ?" ಜ್ಞಾನೇಶ್ ಕೋಣೆಯತ್ತ ಕತ್ತು ಚಾಚಿದ. "ಆ ಜಾತಕದ ಸಾಫ್ಟ್‌ವೇರ್ ಓಡೋದು ವಿಂಡೋಸಲ್ಲಿ ಮಾತ್ರ."

"ಮ್ಯಾಕ್ ಒಳಗೇ ಇನ್ನೊಂದು ಕಂಪ್ಯೂಟರ್ ಇದೆ. ವರ್ಚುವಲ್ ಮಷೀನ್. ಕೇಳಿದೀರಾ?" ಅದನ್ನು ತಾವೇ ಹೆತ್ತವರಂತೆ ಓಂಕಾರಪ್ಪ ಬೀಗಿದರು.

ಮಾಡಿಕೊಟ್ಟವಳು ಅಕ್ಷರಾ. ಅಪ್ಪನ ಹಳೆಯ ಕಂಪ್ಯೂಟರ್ ಸತ್ತಾಗ ತನ್ನ ಮ್ಯಾಕ್ ಬಿಟ್ಟುಕೊಟ್ಟು, ಅದರೊಳಗೆ ವಿಂಡೋಸ್ ಕೂರಿಸಿದ್ದಳು. ಅಪ್ಪ ಕಂಡದ್ದನ್ನೆಲ್ಲ ಒತ್ತುವವರು. ಅದಕ್ಕೇ ಎಲ್ಲ ಸರಿಯಿದ್ದ ದಿನದ ಸ್ಥಿತಿಯನ್ನು ಹಾಗೇ ಉಳಿಸಿ, ಅಮ್ಮನಿಗೆ ಒಂದು ಗುಂಡಿ ತೋರಿಸಿದ್ದಳು: "ಏನಾದ್ರೂ ಕೆಟ್ರೆ ಇದನ್ನೊತ್ತಮ್ಮ, ಮೊದಲಿದ್ದ ಹಾಗೇ ಆಗುತ್ತೆ."

"ಗುರುಬಲ ಇದ್ದಿದ್ರೆ ಬರೋ ತಿಂಗಳೇ ಮುಗಿಸೋಣ ಅಂತಿದ್ವಿ," ರುದ್ರೇಶ್ ಬಿಡಲಿಲ್ಲ. "ಆ ಓದು ಗೀದು ಇನ್ಯಾಕೆ? ನಮ್ಮನೆ ಸೊಸೆಯಂದಿರು ಬಸ್ಸಿಗೆ ಕಾಯಲ್ಲ."

"ಕಾರಲ್ಲಿ ಕಳಿಸ್ತೀರಾ?" ಕಾಫಿ ತಂದ ಜಗದಾಂಬಾ ಕೇಳಿದಳು.

"ಕಳಿಸೋದೇ ಇಲ್ಲ ಕಣಮ್ಮ!" ತಮ್ಮ ಜಾಣತನಕ್ಕೆ ತಾವೇ ನಕ್ಕರು ರುದ್ರೇಶ್. ಜ್ಞಾನೇಶನೂ ನಕ್ಕ. ಜಗದಾಂಬಾ ಲೋಟ ಕೊಟ್ಟು ಒಳಗೆ ಹೋದಳು.

"ನಾನೊಂದ್ಸಲ ಆ ಮಷೀನ್ ನೋಡ್ಲಾ?" ಜ್ಞಾನೇಶ್ ಎದ್ದ.

ಓಂಕಾರಪ್ಪನವರಿಗೆ ಅವಮಾನವಾಯಿತು. "ನೀವು ಕೂತ್ಕೊಳ್ಳಿ. ಅಕ್ಷರಾ, ನೀನೇ ನೋಡು. ನೋಡಿ ಇವರ ಮುಂದೆ ಹೇಳು. ಮಷೀನ್ ತಪ್ಪಿದ್ರೆ ಇವತ್ತೇ ತಾಂಬೂಲ ಬದಲಾಯಿಸ್ತೀನಿ."

ಅವಳು ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತಳು. ಪರದೆಯ ತುಂಬ ವಿಂಡೋಸ್. ಇವತ್ತಿನ ಗ್ರಹಗಳ ಕುಂಡಲಿಯಲ್ಲಿ ಗುರು ಅವಳ ವೃಷಭ ರಾಶಿಯಲ್ಲೇ, ಗುರುಬಲವಿಲ್ಲದ ಜನ್ಮಸ್ಥಾನದಲ್ಲಿ, ಚಕ್ಕಳಮಕ್ಕಳ ಹಾಕಿ ಕೂತಿದ್ದ. ಬಲಗಡೆ ಕೆಳಗಿನ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ತಾರೀಕು: ೧೪ ನವೆಂಬರ್ ೨೦೨೪, ಗುರುವಾರ.

ಹೊರಗೆ ೨೦೨೬ರ ಏಪ್ರಿಲ್ ಬಿಸಿಲು.

ಅಕ್ಷರಾ ಪರದೆಗೆ ಬಗ್ಗಿ ತಾರೀಕನ್ನು ಮತ್ತೊಮ್ಮೆ ಓದಿದಳು. ಅದು ಅವಳು ಸ್ಥಿತಿ ಉಳಿಸಿದ ದಿನ. ಒಳಗಿನ ಗಡಿಯಾರವನ್ನು ಹೊರಗಿನದಕ್ಕೆ ಹೊಂದಿಸುವುದನ್ನು ಅವಳೇ ಮರೆತಿದ್ದಳು. ಪಾಪ, ಅಮ್ಮ! ಕೆಟ್ಟಾಗ ಒತ್ತು ಎಂದದ್ದನ್ನು ದಿನವೂ ಒತ್ತು ಎಂದು ತಿಳಿದು, ಬೆಳಬೆಳಗ್ಗೆ ಆ ಗುಂಡಿ ಒತ್ತಿಯೇ ಗಂಡನ ಮುಂದಿಡುತ್ತಿದ್ದಾಳೆ. ಒಂಬತ್ತು ಗಂಡುಗಳೂ ಅದೇ ಒಂದು ಗುರುವಾರದಲ್ಲಿ ಮುಳುಗಿಹೋಗಿದ್ದರು. ಬೆರಳು ಮಡಚುವ ಚೌಡಯ್ಯನ ಲೆಕ್ಕವೇ ಸರಿ.

ನಿಜ ಹೇಳಿದರೆ ಇವತ್ತೇ ತಾಂಬೂಲ. ನಾಲ್ಕು ವರ್ಷ ನಿಂತು ಮಾಡಿದ ಬಸ್ಸಿನ ಪ್ರಯಾಣ ಭದ್ರಾವತಿಯ ಅಡುಗೆಮನೆಯಲ್ಲಿ ಕೊನೆ. ಹಿಂದೆ ಜ್ಞಾನೇಶನ ಹೆಜ್ಜೆ ಕೇಳಿಸಿತು. ಅವಳು ಮ್ಯಾಕ್‌ನ ಮುಚ್ಚಳ ಮುಚ್ಚಿ ಹೊರಗೆ ಬಂದಳು.

"ಮಷೀನ್ ಸರಿಯಾಗೇ ಇದೆ ಅಪ್ಪ."

"ಕೇಳಿದ್ರಾ?" ಓಂಕಾರಪ್ಪ ತೊಡೆ ತಟ್ಟಿದರು. ಮಗಳ ಮದುವೆ ತಪ್ಪಿದ ದುಃಖಕ್ಕಿಂತ ಚೌಡಯ್ಯ ಸೋತ ಸಂತೋಷ ಮುಖದಲ್ಲಿ ಎದ್ದು ಕಾಣುತ್ತಿತ್ತು.

"ನಡಿಯೋ ಜ್ಞಾನೇಶ," ರುದ್ರೇಶ್ ಪಂಚೆ ಕೊಡವಿ ಎದ್ದರು. "ಈ ಮನೇಗೆ ಆ ಗುರುವೇ ಮನೆ ಅಳಿಯ ಆಗಿ ಕೂತಿದ್ದಾನೆ. ನಿನಗೆಲ್ಲಿ ಜಾಗ?"

ಕಾರು ಹೊರಟ ಮೇಲೆ ಅಕ್ಷರಾ ಅಡುಗೆಮನೆಗೆ ಬಂದಳು. ತಾಯಿ ಪಾತ್ರೆ ಬೋರಲು ಹಾಕುತ್ತಿದ್ದಳು. ತಪ್ಪು ಮಾಡಿದ ಮಗುವಿಗೆ ಹೇಳುವಷ್ಟು ಮೆತ್ತಗೆ ಅಕ್ಷರಾ ಹೇಳಿದಳು: "ಅಮ್ಮಾ, ಬೇಜಾರು ಮಾಡ್ಕೋಬೇಡ. ಆ ಗುಂಡಿ ದಿನಾ ಒತ್ತಬಾರದು. ಒತ್ತಿದ್ರೆ ಒಳಗಿನ ತಾರೀಕು ಹಿಂದಕ್ಕೆ ಹೋಗಿಬಿಡುತ್ತೆ."

"ಗೊತ್ತು ಕಣೇ," ಎಂದಳು ಜಗದಾಂಬಾ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. "ನಂಗೆ ಬಿ.ಎಸ್ಸಿ. ಎರಡನೇ ವರ್ಷದಲ್ಲೇ ಗುರುಬಲ ಬಂದುಬಿಟ್ಟಿತ್ತು."