ಖಾಲಿ ಬಂದ ಹಗ್ಗ

ಹಿಮದ ಬೆಟ್ಟ ಹತ್ತುವಾಗ ನಮ್ಮ ನಾಲ್ವರು ಸ್ನೇಹಿತರಲ್ಲಿ ಒಂದು ರೂಢಿಯಿತ್ತು. ಯಾರೂ ತಮ್ಮ ಸೊಂಟಕ್ಕೆ ತಾವೇ ಹಗ್ಗ ಕಟ್ಟಿಕೊಳ್ಳುವಂತಿರಲಿಲ್ಲ. ಒಬ್ಬನ ಗಂಟನ್ನು ಇನ್ನೊಬ್ಬ ಹಾಕಬೇಕು. ಆವತ್ತು ಬೆಳಿಗ್ಗೆ ಪ್ರಹ್ಲಾದನಿಗೆ ನಾನು ಕಟ್ಟಿದ್ದೆ. ಸಂಜೆಯೊಳಗೆ ತುದಿ ಮುಟ್ಟಿ ಇಳಿದುಬಿಡುವ ಅಂದಾಜು. ಮಧ್ಯಾಹ್ನ ಮಂಜು ಕವಿದಾಗ ಹಿಂದೆ ಒಂದು ಕೂಗು ಕೇಳಿಸಿತು. ಹಗ್ಗ ಎಳೆದೆ. ಖಾಲಿ ಬಂತು.

"ಫೋಟೋ ತೆಗೆಯೋಕೆ ಹಗ್ಗ ಬಿಚ್ಕೊಂಡಿರ್ಬೇಕಮ್ಮ," ಎಂದು ಅವನ ಹೆಂಡತಿಗೆ ಹೇಳಿದೆ. ಅವನಿಗೆ ಕ್ಯಾಮೆರಾ ಹುಚ್ಚು ಇದ್ದದ್ದು ನಿಜ. ಹೇಳುತ್ತಾ ಹೇಳುತ್ತಾ ನಾನೂ ಅದನ್ನೇ ನಂಬಿದೆ.

ಹನ್ನೊಂದು ವರ್ಷದ ಮೇಲೆ ಹಿಮ ಕರಗಿ ಅವನು ಸಿಕ್ಕಿದ. ಅವಳು ಹಟ ಹಿಡಿದು ನನ್ನ ಜೊತೆ ಹತ್ತಿದಳು. ದಾರಿಯುದ್ದಕ್ಕೂ ಗಂಡನನ್ನು ಬೈದಳು.

"ಒಂದು ಫೋಟೋಗೋಸ್ಕರ ನಮ್ಮನ್ನ ಬಿಟ್ಟು ಹೋದ್ರಲ್ಲ ಅಣ್ಣ. ಇಷ್ಟು ವರ್ಷ ಗೋಡೆ ಮೇಲೆ ಅವರ ಒಂದು ಫೋಟೋನೂ ಹಾಕಿಲ್ಲ ನಾನು."

"ಇನ್ನಾದ್ರೂ ಕ್ಷಮಿಸಿಬಿಡಮ್ಮ."

"ನೀವು ದೊಡ್ಡ ಮನಸ್ಸಿನವರು. ನನ್ನ ಕೈಲಿ ಆಗಲ್ಲ."

ಪ್ರಹ್ಲಾದ ಹಿಮದ ಮೇಲೆ ಮಗ್ಗುಲಾಗಿ ಮಲಗಿದ್ದ. ಎರಡೂ ಕೈಯಲ್ಲಿ ದಪ್ಪ ಗವಸುಗಳು ಹಾಗೇ ಇದ್ದವು. ಅವಳು ಅವನ ಬೆನ್ನಚೀಲದ ಬಕಲ್ ಬಿಚ್ಚಿ ತಳದವರೆಗೂ ಕೈ ಹಾಕಿದಳು. ತಾನೇ ಮನೆಯಲ್ಲಿ ಮಫ್ಲರಿನಲ್ಲಿ ಸುತ್ತಿ ಕಳಿಸಿದ್ದ ಕ್ಯಾಮೆರಾ, ಸುತ್ತಿದ ಹಾಗೇ ಕೈಗೆ ಬಂತು.

ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಅವನ ಸೊಂಟವನ್ನೇ ನೋಡಿದಳು.

"ಅಣ್ಣ, ಆವತ್ತು ಇವರಿಗೆ ಗಂಟು ಹಾಕಿದ್ದು ಯಾರು?"